ಹದಿನಾರು ಬಿಟ್‌ನಿಂದ ಅರವತ್ತನಾಲ್ಕು ಬಿಟ್‌ಗೆ: ಯುನಿಕ್ಸ್ ಸಾಗಿಬಂದ ದಾರಿ

ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರ ಮೇಲೆ ನಡೆಯುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಮೆಮೊರಿಯನ್ನು ಹಂಚುವ, ಕಡತಗಳನ್ನು ಕಾಪಾಡುವ, ಹಲವು ಕೆಲಸಗಳಿಗೆ ಸರದಿ ಏರ್ಪಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಪ್ರೊಸೆಸರ್ ಒಂದು ಸಲಕ್ಕೆ ಎಷ್ಟು ಬಿಟ್‌ಗಳನ್ನು, ಅಂದರೆ ಎಷ್ಟು ಸೊನ್ನೆ-ಒಂದುಗಳ ಸಾಲನ್ನು, ಹಿಡಿದು ಲೆಕ್ಕ ಮಾಡಬಲ್ಲದು ಎಂಬುದು ಅದರ ಅಗಲ. ಮೆಮೊರಿಯ ಬೈಟುಗಳಿಗೆ ಕೊಡಬಹುದಾದ ವಿಳಾಸಗಳ ಮಿತಿಯೂ ಸಾಮಾನ್ಯವಾಗಿ ಈ ಅಗಲವನ್ನೇ ಅವಲಂಬಿಸಿರುತ್ತದೆ. 16 ಬಿಟ್‌ಗಳಲ್ಲಿ 65,536 ವಿಳಾಸಗಳನ್ನು ಬರೆಯಬಹುದಾದರೆ 32 ಬಿಟ್‌ಗಳಲ್ಲಿ ಸುಮಾರು 429 ಕೋಟಿ ವಿಳಾಸಗಳನ್ನು ಬರೆಯಬಹುದು. 64 ಬಿಟ್‌ಗಳಲ್ಲಿ ಆ 429 ಕೋಟಿಯನ್ನು ಅಷ್ಟರಿಂದಲೇ ಗುಣಿಸಿದಷ್ಟು. ಅಗಲವಾದ ಪ್ರೊಸೆಸರ್ ಬಂದಾಗ ಹಳೆಯ ವ್ಯವಸ್ಥೆಯ ಕೋಡನ್ನು, ಅದನ್ನು ಹೊಸ ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರಿಗೆ ಕೊಟ್ಟರೆ ಕೆಲಸ ಮುಗಿಯಿತು ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುವುದು ಸಹಜ. ಐದು ದಶಕಗಳ ಇತಿಹಾಸ ಹೇಳುವುದು ಬೇರೆಯೇ ಸಂಗತಿಯನ್ನು. ಹೊಸ ಯಂತ್ರದ ಆದೇಶಗಳನ್ನು ಕಲಿಯುವುದು ಎಂದೂ ದೊಡ್ಡ ತೊಡಕಾಗಲಿಲ್ಲ. ತೊಡಕಾದದ್ದು ಹಳೆಯ ಯಂತ್ರದ ಬಗ್ಗೆ ಯಾರೂ ಬರೆದಿಡದೆ, ಆದರೆ ಎಲ್ಲರೂ ನಂಬಿಕೊಂಡು ಬಂದಿದ್ದ ಊಹೆಗಳು. ಇದನ್ನು ಅರಿಯಲು ಯುನಿಕ್ಸ್ ಮತ್ತು ಅದರ ಸಂತತಿಯ ಚರಿತ್ರೆಗಿಂತ ಒಳ್ಳೆಯ ನಿದರ್ಶನವಿಲ್ಲ, ಏಕೆಂದರೆ ಆ ಒಂದೇ ವಂಶ 16ರಿಂದ 32ಕ್ಕೆ, 32ರಿಂದ 64ಕ್ಕೆ ಎರಡು ಬಾರಿ ದಾಟಿದೆ.

ಅಮೆರಿಕದ ನ್ಯೂಜೆರ್ಸಿಯ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸಿನ ಮೊದಲ ರೂಪವನ್ನು ಕಟ್ಟಿದ್ದು 18 ಬಿಟ್ ಅಗಲದ ಪಿಡಿಪಿ-7 ಎಂಬ ಯಂತ್ರದ ಮೇಲೆ. ಅಲ್ಲಿಂದ ಅದು 16 ಬಿಟ್‌ನ ಪಿಡಿಪಿ-11ಕ್ಕೆ ಬಂತು. ಈ ಹೊಸ ಯಂತ್ರದಲ್ಲಿ 8 ಬಿಟ್‌ಗಳ ಪ್ರತಿ ಬೈಟಿಗೂ ಪ್ರತ್ಯೇಕ ವಿಳಾಸವಿದ್ದುದರಿಂದ, ಎಲ್ಲವನ್ನೂ ಒಂದೇ ಅಳತೆಯ ಪದವೆಂದು ನೋಡುತ್ತಿದ್ದ 'ಬಿ' ಭಾಷೆ ಸಾಲದಾಯಿತು. ಡೆನಿಸ್ ರಿಚಿ ಅದಕ್ಕೆ ದತ್ತಾಂಶದ ಬಗೆಗಳನ್ನು ಸೇರಿಸುತ್ತ ಹೋಗಿ 'ಸಿ' ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸಿನ ಕರ್ನಲ್, ಎಂದರೆ ಯಂತ್ರದೊಡನೆ ನೇರವಾಗಿ ವ್ಯವಹರಿಸುವ ಅದರ ತಿರುಳು, ಸಿ ಭಾಷೆಯಲ್ಲಿ ಮರುರಚನೆಗೊಂಡಿತು. ಮುಂದಿನ ಎಲ್ಲ ದಾಟುವಿಕೆಗಳಿಗೂ ಇದೇ ತಳಹದಿಯಾಯಿತಾದರೂ ಆ ಹೊತ್ತಿನ ಸಿ ಭಾಷೆ ಪಿಡಿಪಿ-11ರ ಮೈಕಟ್ಟಿಗೆ ಅಂಟಿಕೊಂಡೇ ಬೆಳೆದಿತ್ತು ಎಂಬುದನ್ನು ಮರೆಯಬಾರದು.

ಹದಿನಾರು ಬಿಟ್‌ಗಳ ಇಕ್ಕಟ್ಟು ಆ ಕಾಲದ ಯುನಿಕ್ಸಿನ ಮೂಲೆಮೂಲೆಯಲ್ಲಿ ಕಾಣುತ್ತದೆ. ಸಿ ಭಾಷೆಯ ಸಾಮಾನ್ಯ ಪೂರ್ಣಾಂಕವಾದ 'ಇಂಟ್' ಅಲ್ಲಿ 16 ಬಿಟ್ ಮಾತ್ರವಾಗಿದ್ದುದರಿಂದ, 64 ಕಿಲೋಬೈಟಿಗಿಂತ ಉದ್ದವಾದ ಕಡತದೊಳಗೆ ಒಂದು ಜಾಗವನ್ನು ಸೂಚಿಸಲು ಒಂದು ಇಂಟ್ ಸಾಲುತ್ತಿರಲಿಲ್ಲ. ಆರನೆಯ ಆವೃತ್ತಿಯಲ್ಲಿ ಕಡತದೊಳಗೆ ಮುಂದೆ-ಹಿಂದೆ ಸರಿಯಲು ಬಳಸುತ್ತಿದ್ದ 'ಸೀಕ್' ಕರೆಗೆ ಇದೇ ಕಾರಣದಿಂದ ಎರಡು ಮುಖಗಳಿದ್ದವು: ಒಂದು ಬಗೆಯ ಸೂಚನೆ ಕೊಟ್ಟರೆ ದೂರವನ್ನು ಬೈಟುಗಳಲ್ಲಿ ಅಳೆಯುತ್ತಿತ್ತು, ಇನ್ನೊಂದು ಬಗೆಯ ಸೂಚನೆ ಕೊಟ್ಟರೆ ಕೊಟ್ಟ ಸಂಖ್ಯೆಯನ್ನು 512ರಿಂದ ಗುಣಿಸಿಕೊಳ್ಳುತ್ತಿತ್ತು. 32 ಬಿಟ್‌ನ 'ಲಾಂಗ್' ಎಂಬ ಬಗೆ ಭಾಷೆಗೆ ಬಂದ ಮೇಲೆ, 1979ರ ಏಳನೆಯ ಆವೃತ್ತಿಯಲ್ಲಿ, ಈ ಕರೆಯ ಸ್ಥಾನಕ್ಕೆ 'ಎಲ್‌ಸೀಕ್' ಬಂತು. ಹೆಸರಿನ ಮೊದಲ ಅಕ್ಷರ ಲಾಂಗ್ ಬಗೆಯನ್ನು ಸೂಚಿಸುತ್ತದೆ, ಮತ್ತು ಯುನಿಕ್ಸಿನ ಮಾದರಿಯಲ್ಲಿ ಕಟ್ಟಿದ ಇಂದಿನ ಲಿನಕ್ಸಿನಲ್ಲಿಯೂ ಅದೇ ಹೆಸರು ಉಳಿದಿದೆ.

ಕಾಲದ ಲೆಕ್ಕವೂ ಹೀಗೆಯೇ ಇಕ್ಕಟ್ಟಿಗೆ ಸಿಕ್ಕಿತ್ತು. ಮೊದಲ ಆವೃತ್ತಿಯ ಕೈಪಿಡಿಯ ಪ್ರಕಾರ ಯುನಿಕ್ಸ್ ತನ್ನ ಗಡಿಯಾರವನ್ನು 1971ರ ಜನವರಿ 1ರಿಂದ ಸೆಕೆಂಡಿನ ಅರವತ್ತನೆಯ ಒಂದು ಭಾಗದ ಎಣಿಕೆಯಲ್ಲಿ ಇಡುತ್ತಿತ್ತು. ಅದಕ್ಕೆ ಎರಡು 16 ಬಿಟ್ ಪದಗಳನ್ನು ಜೋಡಿಸಿ 32 ಬಿಟ್ ಜಾಗ ಕೊಟ್ಟಿದ್ದರೂ, ಆ ವೇಗದ ಎಣಿಕೆಗೆ ಅದು ಸುಮಾರು ಎರಡು ಕಾಲು ವರ್ಷದಲ್ಲಿ ತುಂಬಿಹೋಗುವಂತಿತ್ತು. ಆದ್ದರಿಂದ ಎಣಿಕೆಯನ್ನು ಇಡೀ ಸೆಕೆಂಡುಗಳಿಗೆ ಬದಲಿಸಿ, ಆರಂಭಬಿಂದುವನ್ನು 1970ರ ಜನವರಿ 1ಕ್ಕೆ ನಿಲ್ಲಿಸಿದರು. ಸಮಯವನ್ನು ಕೇಳುವ 'ಟೈಮ್' ಕರೆಗೆ ಇಂದಿಗೂ ಒಂದು ಮೆಮೊರಿ ವಿಳಾಸವನ್ನು ಒಪ್ಪಿಸುವ ಪದ್ಧತಿ ಇರುವುದು, ಆಗ 32 ಬಿಟ್‌ನ ಉತ್ತರವನ್ನು ಒಂದು ಇಂಟ್‌ನಲ್ಲಿ ಹಿಂದಿರುಗಿಸಲು ಆಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಹಳೆಯ ಯಂತ್ರದ ಅಗಲ ಹೊಸ ಯಂತ್ರದ ಕರೆಯ ರೂಪದಲ್ಲಿ ಉಳಿದುಬಂದುದಕ್ಕೆ ಇದು ಒಳ್ಳೆಯ ಸಾಕ್ಷಿ.

ಪಿಡಿಪಿ-11ರ ಆಚೆಗೆ ಯುನಿಕ್ಸನ್ನು ಒಯ್ಯುವ ಕೆಲಸ 1976-77ರ ಸುಮಾರಿಗೆ ಎರಡು ಕಡೆ ಪ್ರತ್ಯೇಕವಾಗಿ ನಡೆಯಿತು. ಆಸ್ಟ್ರೇಲಿಯಾದಲ್ಲಿ ಸಿಡ್ನಿಯ ದಕ್ಷಿಣಕ್ಕಿರುವ ವುಲಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಅವರು ಇಂಟರ್‌ಡೇಟಾ 7/32 ಎಂಬ 32 ಬಿಟ್ ಯಂತ್ರಕ್ಕೆ ಅದನ್ನು ಅಳವಡಿಸಿದರು. ಬರಿಯ ಯಂತ್ರದ ಮೇಲೆ ನಿಲ್ಲಿಸುವ ಮೊದಲು, ಆ ಯಂತ್ರದ ಸ್ವಂತ ಕಾರ್ಯಾಚರಣ ವ್ಯವಸ್ಥೆಯ ಆಶ್ರಯದಲ್ಲಿಯೇ ಯುನಿಕ್ಸನ್ನು ನಡೆಸುವ ದಾರಿಯನ್ನು ಅವರು ಹಿಡಿದರು. ದೊಡ್ಡ ಪ್ರಯೋಗಾಲಯದ ಬೆಂಬಲವಿಲ್ಲದೆ ನಡೆದ ಈ ಕೆಲಸಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಇತ್ತ ಬೆಲ್ ಪ್ರಯೋಗಾಲಯದಲ್ಲಿ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಅವರು ಅದೇ ಕುಟುಂಬದ ಇಂಟರ್‌ಡೇಟಾ 8/32 ಯಂತ್ರವನ್ನು ಆರಿಸಿಕೊಂಡರು. ತಮ್ಮ ಅನುಭವವನ್ನು ಅವರು 1978ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಅವರು ಎದುರಿಸಿದ ತೊಡಕುಗಳಲ್ಲಿ ಮೊದಲನೆಯದು ವಿಳಾಸ ಮತ್ತು ಪೂರ್ಣಾಂಕಗಳ ಗೊಂದಲ. ಮೆಮೊರಿಯ ವಿಳಾಸವನ್ನು ಹಿಡಿದಿಡುವ ಚರಕ್ಕೆ ಸಿ ಭಾಷೆಯಲ್ಲಿ 'ಪಾಯಿಂಟರ್' ಎನ್ನುತ್ತಾರೆ. ಪಿಡಿಪಿ-11ರಲ್ಲಿ ಪಾಯಿಂಟರೂ ಇಂಟೂ ಎರಡೂ 16 ಬಿಟ್ ಆಗಿದ್ದುದರಿಂದ ಕೋಡ್ ಬರೆಯುವವರು ಒಂದರ ಜಾಗದಲ್ಲಿ ಇನ್ನೊಂದನ್ನು ನಿಸ್ಸಂಕೋಚವಾಗಿ ಬಳಸುತ್ತಿದ್ದರು, ಮತ್ತು ಕಂಪೈಲರ್ ಅದನ್ನು ತಡೆಯುತ್ತಿರಲಿಲ್ಲ. ಒಂದು ಸಾಧನದ ನಿಯಂತ್ರಣ ಕೋಶ ಮೆಮೊರಿಯ ಯಾವ ವಿಳಾಸದಲ್ಲಿದೆಯೋ ಆ ಸಂಖ್ಯೆಯನ್ನೇ ನೇರವಾಗಿ ಬರೆದು, ಅದರ ಮುಂದೆ ಬಾಣದ ಗುರುತು ಹಾಕಿ, ಯಾವುದೋ ಒಂದು ರಚನೆಯ ಅಂಗದ ಹೆಸರನ್ನು ಸೇರಿಸಿದರೆ ಆರನೆಯ ಆವೃತ್ತಿಯ ಕಂಪೈಲರ್ ಅದನ್ನು ಒಪ್ಪಿಕೊಳ್ಳುತ್ತಿತ್ತು. ಆ ಸಂಖ್ಯೆ ನಿಜವಾಗಿ ಅಂಥ ರಚನೆಯ ವಿಳಾಸವೇ ಎಂದು ಅದು ಕೇಳುತ್ತಲೇ ಇರಲಿಲ್ಲ.

ಎರಡನೆಯದು ಬೈಟುಗಳ ಅನುಕ್ರಮ. ಎರಡು ಬೈಟುಗಳ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಪಿಡಿಪಿ-11 ಕಿರಿಯ ಬೈಟನ್ನು ಮೊದಲು ಇಟ್ಟರೆ ಇಂಟರ್‌ಡೇಟಾ ಹಿರಿಯ ಬೈಟನ್ನು ಮೊದಲು ಇಡುತ್ತಿತ್ತು. ಅಕ್ಷರಗಳನ್ನು ಎರಡೆರಡಾಗಿ ಸಂಖ್ಯೆಗಳಲ್ಲಿ ತುಂಬಿ ಸಾಗಿಸಿದರೆ ಇನ್ನೊಂದು ಬದಿಯ ಯಂತ್ರದಲ್ಲಿ ಪ್ರತಿ ಜೋಡಿಯೂ ತಿರುಗುಮುರುಗಾಗುತ್ತದೆ. ಯು-ಎನ್-ಐ-ಎಕ್ಸ್ ಎಂಬ ನಾಲ್ಕು ಅಕ್ಷರಗಳು ಎನ್-ಯು-ಎಕ್ಸ್-ಐ ಆಗಿ ಹೊರಬರುವ ಈ ದೋಷಕ್ಕೆ ವೃತ್ತಿಯವರ ನಡುವೆ 'ನುಕ್ಸಿ' ಸಮಸ್ಯೆ ಎಂಬ ಹೆಸರೇ ನಿಂತಿತು. ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಪಿಡಿಪಿ-11 ಒಂದು ಬೈಟನ್ನು ಇಂಟ್ ಆಗಿ ಹಿಗ್ಗಿಸುವಾಗ ಅದರ ಋಣಚಿಹ್ನೆಯನ್ನೂ ಹಿಗ್ಗಿಸುತ್ತಿತ್ತು, ಇಂಟರ್‌ಡೇಟಾ ಹಾಗೆ ಮಾಡುತ್ತಿರಲಿಲ್ಲ. ಕಡತ ಮುಗಿದಾಗ, ಒಂದೊಂದೇ ಅಕ್ಷರವನ್ನು ಓದುವ ಕರೆ ಋಣ ಒಂದನ್ನು ಹಿಂದಿರುಗಿಸುತ್ತದೆ. ಆ ಉತ್ತರವನ್ನು ಒಂದು ಬೈಟಿನ ಚರದಲ್ಲಿ ಇಟ್ಟುಕೊಂಡು ಋಣ ಒಂದರೊಡನೆ ಹೋಲಿಸುವ ಪ್ರೋಗ್ರಾಂ ಪಿಡಿಪಿ-11ರಲ್ಲಿ ಸರಿಯಾಗಿ ನಿಲ್ಲುತ್ತಿತ್ತು, ಹೊಸ ಯಂತ್ರದಲ್ಲಿ ಅದೇ ಬೈಟು 255 ಎಂದು ಓದಿಸಿಕೊಂಡು, ಹೋಲಿಕೆ ಎಂದೂ ನಿಜವಾಗದೆ, ಸುತ್ತುತ್ತಲೇ ಉಳಿಯುತ್ತಿತ್ತು.

ಇಲ್ಲಿ ಆ ಇಬ್ಬರು ಕೈಗೊಂಡ ನಿರ್ಧಾರವೇ ಯುನಿಕ್ಸಿನ ಮುಂದಿನ ಆಯುಷ್ಯವನ್ನು ಬರೆಯಿತು ಎನ್ನಬೇಕು. ಕಂಡ ದೋಷವನ್ನು ಕಂಡಲ್ಲೇ ತೇಪೆ ಹಾಕಿ ಮುಚ್ಚುವುದು ಸುಲಭದ ದಾರಿಯಾಗಿತ್ತು. ಅವರು ಅದರ ಬದಲು ಅಂಥ ದೋಷಕ್ಕೆ ಎಡೆಕೊಟ್ಟ ಭಾಷೆಯನ್ನೇ ತಿದ್ದಿದರು. ಋಣಚಿಹ್ನೆಯಿಲ್ಲದ ಪೂರ್ಣಾಂಕದ ಬಗೆ, ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವುದನ್ನು ಬರೆದು ತೋರಿಸುವ ರೂಪಾಂತರ ಚಿಹ್ನೆ, ಒಂದು ಬಗೆಗೆ ಹೊಸ ಹೆಸರು ಕೊಟ್ಟು ಯಂತ್ರಕ್ಕೆ ತಕ್ಕಂತೆ ಅದರ ಅಗಲವನ್ನು ಒಂದೇ ಕಡೆ ಬದಲಿಸಲು ಅನುವಾಗುವ 'ಟೈಪ್‌ಡೆಫ್', ಇವೆಲ್ಲ ಆ ವರ್ಷಗಳಲ್ಲಿ ಭಾಷೆಯೊಳಗೆ ನೆಲೆಯೂರಿದವು. ಜಾನ್ಸನ್ ಅವರು ಬೇರೆ ಬೇರೆ ಯಂತ್ರಗಳಿಗೆ ಹೊಂದಿಸಬಹುದಾದ ಕಂಪೈಲರ್ ಒಂದನ್ನು ಬರೆದದ್ದಲ್ಲದೆ, ಕಂಪೈಲರ್ ಸಹಿಸಿಕೊಳ್ಳುವ ಆದರೆ ಬೇರೆ ಯಂತ್ರದಲ್ಲಿ ಕೈಕೊಡುವ ಬರವಣಿಗೆಯನ್ನು ಹುಡುಕಿ ಎಚ್ಚರಿಸುವ 'ಲಿಂಟ್' ಎಂಬ ಸಾಧನವನ್ನೂ ಕೊಟ್ಟರು.

ಆದರೂ ಪಾಠ ಪೂರ್ತಿಯಾಗಿ ಮೈಗೂಡಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1977ರಲ್ಲಿ ಹೊರತಂದ ವ್ಯಾಕ್ಸ್ ಎಂಬ 32 ಬಿಟ್ ಯಂತ್ರಕ್ಕೆ ಬೆಲ್ ಪ್ರಯೋಗಾಲಯದ ಜಾನ್ ರೈಸರ್ ಮತ್ತು ಟಾಮ್ ಲಂಡನ್ ಅವರು ಏಳನೆಯ ಆವೃತ್ತಿಯನ್ನು ಒಯ್ದು 32ವಿ ಎಂಬ ವ್ಯವಸ್ಥೆಯನ್ನು ಮಾಡಿದರು; ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓಜಾಲ್ಪ್ ಬಾಬಾವೋಲು ಮತ್ತು ಬಿಲ್ ಜಾಯ್ ಅವರು ಅದಕ್ಕೆ, ಇರುವ ಮೆಮೊರಿಗಿಂತ ದೊಡ್ಡದಾದ ಪ್ರೋಗ್ರಾಂಗಳನ್ನು ತುಂಡುತುಂಡಾಗಿ ತರಿಸಿಕೊಂಡು ನಡೆಸುವ ವರ್ಚುವಲ್ ಮೆಮೊರಿಯನ್ನು ಸೇರಿಸಿದರು. ವ್ಯಾಕ್ಸ್ ಜನಪ್ರಿಯವಾಯಿತು, ಮತ್ತು ಅದರ ಜನಪ್ರಿಯತೆಯೇ ಹೊಸ ಊಹೆಗಳನ್ನು ಹುಟ್ಟಿಸಿತು. ಅಲ್ಲಿ ಇಂಟ್, ಲಾಂಗ್, ಪಾಯಿಂಟರ್ ಮೂರೂ 32 ಬಿಟ್. ಯಾವ ವಸ್ತುವನ್ನೂ ತೋರಿಸದ ಶೂನ್ಯ ಪಾಯಿಂಟರನ್ನು ತಪ್ಪಿ ಓದಿದರೂ ಬರ್ಕ್ಲಿಯ ವ್ಯವಸ್ಥೆಯಲ್ಲಿ ಸೊನ್ನೆ ಸಿಗುತ್ತಿತ್ತೇ ಹೊರತು ಪ್ರೋಗ್ರಾಂ ಬೀಳುತ್ತಿರಲಿಲ್ಲ. ಹೀಗಾಗಿ ಒಂದು ಇಡೀ ತಲೆಮಾರಿನ ಕೋಡು ಈ ಮೂರರ ಸಮಾನತೆಯನ್ನು ನಿಸರ್ಗನಿಯಮವೆಂಬಂತೆ ನಂಬಿ ಬೆಳೆಯಿತು. ಲೋಕವೆಲ್ಲ ವ್ಯಾಕ್ಸ್ ಎಂದು ತಿಳಿಯುವ ಈ ರೂಢಿಯನ್ನು ಹೆನ್ರಿ ಸ್ಪೆನ್ಸರ್ ಅವರು ಸಿ ಪ್ರೋಗ್ರಾಮರುಗಳಿಗೆ ಬರೆದ ಹತ್ತು ಕಟ್ಟಳೆಗಳಲ್ಲಿ ಖಂಡಿಸಬೇಕಾಯಿತು.

ಅದರ ಬೆಲೆ ತೆರಬೇಕಾದದ್ದು 1990ರ ದಶಕದಲ್ಲಿ. 1991ರಲ್ಲಿ ಮಿಪ್ಸ್ ಆರ್4000, 1992ರಲ್ಲಿ ಡಿಜಿಟಲ್ ಸಂಸ್ಥೆಯ ಆಲ್ಫಾ, ಹೀಗೆ 64 ಬಿಟ್ ಪ್ರೊಸೆಸರುಗಳು ಬಂದಾಗ, ಸಿ ಭಾಷೆಯ ಮೂರು ಬಗೆಗಳಲ್ಲಿ ಯಾವುದನ್ನು ಹಿಗ್ಗಿಸಬೇಕು ಎಂಬ ಪ್ರಶ್ನೆ ಎದ್ದಿತು. ಪಾಯಿಂಟರ್ ಹಿಗ್ಗಲೇಬೇಕು, ಇಲ್ಲದಿದ್ದರೆ 64 ಬಿಟ್‌ನ ಪ್ರಯೋಜನವೇ ಇಲ್ಲ. ಇಂಟನ್ನೂ ಹಿಗ್ಗಿಸಿದರೆ 32 ಬಿಟ್‌ನ ಸಂಖ್ಯೆಗೆ ಭಾಷೆಯಲ್ಲಿ ಸಹಜವಾದ ಹೆಸರು ಉಳಿಯುವುದಿಲ್ಲ, ಕಡತಗಳಲ್ಲಿ ಮತ್ತು ಜಾಲದಲ್ಲಿ ಆ ಅಳತೆಯಲ್ಲಿ ಬರೆದಿಟ್ಟ ದತ್ತಾಂಶಗಳೆಲ್ಲ ಅಳತೆ ತಪ್ಪುತ್ತವೆ. ಯುನಿಕ್ಸ್ ತಯಾರಕರು ಕೊನೆಗೆ ಒಪ್ಪಿದ್ದು ಇಂಟನ್ನು 32ರಲ್ಲೇ ಬಿಟ್ಟು ಲಾಂಗ್ ಮತ್ತು ಪಾಯಿಂಟರ್‌ಗಳನ್ನು 64ಕ್ಕೆ ಏರಿಸುವ ಎಲ್‌ಪಿ64 ಎಂಬ ಮಾದರಿಯನ್ನು. ಇದರಿಂದ ಲಾಂಗ್ ಎಂಬುದು ಯಾವ ವಿಳಾಸವನ್ನಾದರೂ ಹಿಡಿಯಬಲ್ಲ ಪೂರ್ಣಾಂಕವಾಗಿ ಉಳಿಯಿತು, ಆದರೆ ಇಂಟಿನೊಳಗೆ ಪಾಯಿಂಟರನ್ನು ಇಟ್ಟ ಕೋಡಿನ ಗತಿ ಪಾವಿನಲ್ಲಿ ಸೇರಕ್ಕಿ ಅಳೆಯಹೊರಟಂತಾಯಿತು: ಮೇಲಿನ 32 ಬಿಟ್‌ಗಳು ಸದ್ದಿಲ್ಲದೆ ಚೆಲ್ಲಿಹೋಗುತ್ತಿದ್ದವು.

ಈ ಸದ್ದಿಲ್ಲದಿರುವಿಕೆಯೇ ಅಪಾಯದ ಮೂಲ. ಮೆಮೊರಿಯನ್ನು ಬೇಡಿ ಪಡೆಯುವ 'ಮ್ಯಾಲಕ್' ಎಂಬ ಕರೆಯನ್ನು, ಅದು ಪಾಯಿಂಟರನ್ನು ಹಿಂದಿರುಗಿಸುತ್ತದೆ ಎಂಬ ಘೋಷಣೆಯಿರುವ ಹೆಡರ್ ಕಡತವನ್ನು ಸೇರಿಸದೆ ಬಳಸಿದರೆ, ಆಗಿನ ಸಿ ಭಾಷೆ ಅದು ಇಂಟ್ ಕೊಡುತ್ತದೆಂದು ತಾನೇ ಊಹಿಸಿಕೊಂಡು ಉತ್ತರವನ್ನು ಅರ್ಧಕ್ಕೆ ಕತ್ತರಿಸುತ್ತಿತ್ತು. ಪ್ರೋಗ್ರಾಂ ಬಳಸುವ ವಿಳಾಸಗಳೆಲ್ಲ ಮೊದಲ 2 ಗಿಗಾಬೈಟಿನೊಳಗೆ ಇರುವವರೆಗೆ ಕತ್ತರಿಸಿದ ಭಾಗದಲ್ಲಿ ಸೊನ್ನೆಗಳೇ ಇರುವುದರಿಂದ ತಪ್ಪು ಹೊರಬೀಳುವುದಿಲ್ಲ. ಎಂದೋ ಒಂದು ದಿನ, ಪ್ರೋಗ್ರಾಂ ದೊಡ್ಡದಾದಾಗ, ಬೇರೆಲ್ಲೋ ಒಡೆಯುತ್ತದೆ. ಆಲ್ಫಾ ಯಂತ್ರದ ಯುನಿಕ್ಸಿನಲ್ಲಿ ಡಿಜಿಟಲ್ ಸಂಸ್ಥೆಯವರು ಪ್ರೋಗ್ರಾಂಗಳನ್ನು ಸಾಮಾನ್ಯವಾಗಿ 4.5 ಗಿಗಾಬೈಟಿನ ಗೆರೆಯಿಂದ ಮೇಲಕ್ಕೆ ಕೂರಿಸುತ್ತಿದ್ದರು. ಅದರಿಂದಾಗಿ ಕತ್ತರಿಸಲ್ಪಟ್ಟ ವಿಳಾಸ ಖಾಲಿ ಜಾಗವನ್ನು ತೋರಿಸಿ, ಪ್ರೋಗ್ರಾಂ ಮೊದಲ ಓಟದಲ್ಲಿಯೇ ಬಿದ್ದು, ತಪ್ಪು ಎಲ್ಲಿದೆಯೆಂದು ಕೂಡಲೇ ಗೊತ್ತಾಗುತ್ತಿತ್ತು. ತಿದ್ದಲಾಗದ ಹಳೆಯ ಪ್ರೋಗ್ರಾಂಗಳಿಗಾಗಿ ಮಾತ್ರ ಅವನ್ನು ಕೆಳಗಿನ ವಿಳಾಸಗಳಲ್ಲಿ ಇರಿಸುವ ಆಯ್ಕೆಯನ್ನು ಬೇರೆಯಾಗಿ ಕೊಟ್ಟಿದ್ದರು. ದೋಷವನ್ನು ಮುಚ್ಚಿಡುವ ಸೌಕರ್ಯಕ್ಕಿಂತ ಅದನ್ನು ಬೇಗ ಹೊರಗೆಡಹುವ ಕಾಠಿಣ್ಯವೇ ಮೇಲೆಂದು ತಿಳಿದವರ ವಿನ್ಯಾಸವಿದು, ಮತ್ತು ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ಹೆಜ್ಜೆ ವಿರಳ.

ಲಿನಕ್ಸ್ ಇದೇ ಯಂತ್ರದ ಮೂಲಕ 64 ಬಿಟ್ ಲೋಕವನ್ನು ಪ್ರವೇಶಿಸಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಪ್ರಕಟಿಸಿದಾಗ ಇಂಟೆಲ್ 386 ಪ್ರೊಸೆಸರಿನ ವಿಶೇಷ ಸೌಲಭ್ಯಗಳನ್ನು ನೆಚ್ಚಿಕೊಂಡಿದ್ದ ಆ ವ್ಯವಸ್ಥೆ ಬೇರೆ ಯಂತ್ರಗಳಿಗೆ ಒಯ್ಯುವಂಥದ್ದಲ್ಲವೆಂದು ಅವರೇ ಹೇಳಿದ್ದರು. ಡಿಜಿಟಲ್ ಸಂಸ್ಥೆಯಲ್ಲಿದ್ದ ಜಾನ್ ಹಾಲ್ ಅವರ ಪ್ರಯತ್ನದಿಂದ ಆಲ್ಫಾ ಯಂತ್ರವೊಂದು ಹೆಲ್ಸಿಂಕಿಯಲ್ಲಿದ್ದ ಟೊರ್ವಾಲ್ಡ್ಸ್ ಅವರ ಕೈಸೇರಿತು. 1995ರ ಮಾರ್ಚಿನಲ್ಲಿ ಬಂದ 1.2 ಆವೃತ್ತಿಯಲ್ಲಿ ಆಲ್ಫಾದ ಬೆಂಬಲ ಸೇರಿತ್ತು. ಅಗಲ ಅಲ್ಲಿನ ಒಂದು ತೊಡಕು ಮಾತ್ರ. 386ರಲ್ಲಿ ಮೆಮೊರಿಯನ್ನು 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸಿ, ಯಾವ ಪುಟ ಎಲ್ಲಿದೆ ಎಂಬ ಪಟ್ಟಿಯನ್ನು ಎರಡು ಹಂತಗಳಲ್ಲಿ ಇಡುತ್ತಿದ್ದರೆ, ಆಲ್ಫಾದಲ್ಲಿ ಪುಟ 8 ಕಿಲೋಬೈಟು, ಪಟ್ಟಿ ಮೂರು ಹಂತ. ಟೊರ್ವಾಲ್ಡ್ಸ್ ಕರ್ನಲಿನ ಸಾಮಾನ್ಯ ಭಾಗವನ್ನು ಮೂರು ಹಂತಗಳಿಗೆಂದೇ ಬರೆದು, ಎರಡೇ ಹಂತದ ಯಂತ್ರದಲ್ಲಿ ನಡುವಿನ ಹಂತ ಕಂಪೈಲರಿನ ಕೈಯಲ್ಲಿ ಕರಗಿಹೋಗುವಂತೆ ಮಾಡಿದರು. ಈ ವಿನ್ಯಾಸ 2005ರಲ್ಲಿ ನಾಲ್ಕು ಹಂತಕ್ಕೂ 2017ರಲ್ಲಿ ಐದು ಹಂತಕ್ಕೂ ಬೆಳೆದರೂ ಅದರ ಮೂಲ ಆಲೋಚನೆ ಬದಲಾಗಿಲ್ಲ.

ಮೊದಲ ಆಲ್ಫಾಗಳಲ್ಲಿ ಒಂದೇ ಒಂದು ಬೈಟನ್ನು ಬರೆಯುವ ಆದೇಶವೇ ಇರಲಿಲ್ಲ. ಸುತ್ತಲಿನ ಇಡೀ ಪದವನ್ನು ಓದಿಕೊಂಡು, ಬೇಕಾದ ಬೈಟನ್ನು ಬದಲಿಸಿ, ಪದವನ್ನು ಮರಳಿ ಬರೆಯಬೇಕಿತ್ತು. ಆ ನಡುವೆ ಬೇರೊಂದು ಕೆಲಸ ಪಕ್ಕದ ಬೈಟನ್ನು ಬದಲಿಸಿದ್ದರೆ ಆ ಬದಲಾವಣೆ ಅಳಿಸಿಹೋಗುತ್ತಿತ್ತು. ಪಕ್ಕಪಕ್ಕದ ಚಿಕ್ಕ ಚರಗಳು ಪರಸ್ಪರ ಸ್ವತಂತ್ರ ಎಂಬ, ಯಾರೂ ಪ್ರಶ್ನಿಸದಿದ್ದ ಊಹೆಯೂ ಹೀಗೆ ಬಯಲಿಗೆ ಬಂತು.

ವಿಂಡೋಸ್ ಹಿಡಿದ ದಾರಿ ಬೇರೆ. ಮೈಕ್ರೋಸಾಫ್ಟ್ ತನ್ನ 64 ಬಿಟ್ ವ್ಯವಸ್ಥೆಯಲ್ಲಿ ಲಾಂಗನ್ನೂ 32 ಬಿಟ್‌ನಲ್ಲಿಯೇ ಉಳಿಸಿ ಪಾಯಿಂಟರನ್ನು ಮಾತ್ರ ಹಿಗ್ಗಿಸಿತು, ಏಕೆಂದರೆ ಬಿಟ್‌ಮ್ಯಾಪ್ ಚಿತ್ರಗಳ ಶಿರೋಭಾಗದಂಥ ಕಡತ ರಚನೆಗಳೇ ಲಾಂಗ್ ಎಂಬ ಬಗೆಯಲ್ಲಿ ವರ್ಣಿತವಾಗಿದ್ದವು. 'ಸಿಸ್ಟಮ್32' ಎಂಬ ಕಡತಕೋಶದ ಹೆಸರನ್ನು ಅಸಂಖ್ಯ ಪ್ರೋಗ್ರಾಂಗಳು ತಮ್ಮೊಳಗೆ ಬರೆದುಕೊಂಡಿದ್ದರಿಂದ, 64 ಬಿಟ್‌ನ ಕಡತಗಳು ಇಂದಿಗೂ ಅದೇ ಹೆಸರಿನ ಕೋಶದಲ್ಲಿವೆ.

ಸಾಮಾನ್ಯ ಬಳಕೆದಾರರ ಮೇಜಿಗೆ 64 ಬಿಟ್ ತಲುಪಿದ್ದು ಎಎಂಡಿ ಸಂಸ್ಥೆಯ ಮೂಲಕ. ಎಚ್‌ಪಿ ಮತ್ತು ಇಂಟೆಲ್ ಕೂಡಿ ರೂಪಿಸಿದ ಇಟೇನಿಯಮ್ ಹಳೆಯ ಇಂಟೆಲ್ ಆದೇಶಗಳಿಂದ ಪೂರ್ತಿ ಬೇರೆಯಾದ ಹೊಸ ಬಗೆಯಾಗಿತ್ತು. ಎಎಂಡಿ ಹಳೆಯ ಆದೇಶಗಳನ್ನೇ 64 ಬಿಟ್‌ಗೆ ಹಿಗ್ಗಿಸಿ 2003ರ ಏಪ್ರಿಲಿನಲ್ಲಿ ಆಪ್ಟೆರಾನ್ ಪ್ರೊಸೆಸರನ್ನು ತಂದಿತು. ಯಂತ್ರ ಕೈಗೆ ಸಿಗುವ ಮೊದಲೇ, ಅದರ ನಡವಳಿಕೆಯನ್ನು ಅನುಕರಿಸುವ ತಂತ್ರಾಂಶದ ಮೇಲೆ, ಸೂಸೆ ಸಂಸ್ಥೆಯ ಆಂಡಿ ಕ್ಲೀನ್ ಮತ್ತು ಸಂಗಡಿಗರು ಲಿನಕ್ಸನ್ನು ಅದಕ್ಕೆ ಸಿದ್ಧಪಡಿಸಿದ್ದರು. ಇಲ್ಲಿನ ಕಷ್ಟ ಒಂದೇ ಕರ್ನಲಿನ ಮೇಲೆ 32 ಮತ್ತು 64 ಬಿಟ್ ಪ್ರೋಗ್ರಾಂಗಳೆರಡನ್ನೂ ನಡೆಸುವುದರಲ್ಲಿತ್ತು. 4 ಬೈಟಿನ ಒಂದು ಸಂಖ್ಯೆ, ಅದರ ನಂತರ 8 ಬೈಟಿನ ಇನ್ನೊಂದು ಸಂಖ್ಯೆ ಇರುವ ಸರಳ ರಚನೆಯನ್ನು ತೆಗೆದುಕೊಂಡರೆ, 32 ಬಿಟ್‌ನ ಇಂಟೆಲ್ ರೂಢಿಯಲ್ಲಿ ಎರಡನೆಯದು, ಸೊನ್ನೆಯಿಂದ ಎಣಿಸಿದರೆ, ನಾಲ್ಕನೆಯ ಬೈಟಿನಿಂದಲೇ ತೊಡಗಿ ಒಟ್ಟು 12 ಬೈಟು ಆಗುತ್ತದೆ. 64 ಬಿಟ್‌ನ ರೂಢಿಯಲ್ಲಿ ನಡುವೆ 4 ಬೈಟು ಖಾಲಿ ಬಿಟ್ಟು, ಎಂಟನೆಯದರಿಂದ ತೊಡಗಿ 16 ಬೈಟು ಆಗುತ್ತದೆ. ಎರಡರಲ್ಲೂ ಒಂದೇ ಕೋಡ್, ಒಂದೇ ಹೆಸರು. ಹಳೆಯ ಪ್ರೋಗ್ರಾಂ ಇಂಥ ರಚನೆಯನ್ನು ಕಳಿಸಿದಾಗ ಕರ್ನಲ್ ಅದನ್ನು ಅಂಗಾಂಗವಾಗಿ ಬಿಡಿಸಿ ಹೊಸ ಅಳತೆಗೆ ಜೋಡಿಸಿಕೊಳ್ಳಬೇಕು, ಉತ್ತರವನ್ನು ಮತ್ತೆ ಹಳೆಯ ಅಳತೆಗೆ ತರಬೇಕು. ಸಾಧನಗಳನ್ನು ನಿಯಂತ್ರಿಸುವ ನೂರಾರು ಕರೆಗಳಿಗೆ ಈ ಅನುವಾದದ ಪದರವನ್ನು ಕೈಯಿಂದಲೇ ಬರೆಯಬೇಕಾಯಿತು. ಹಳೆಯದರೊಡನೆ ಬಾಳಲು ತೋರಿದ ಈ ತಾಳ್ಮೆಯೇ ಎಎಂಡಿಯ ದಾರಿಯನ್ನು ಗೆಲ್ಲಿಸಿತು. ಇಟೇನಿಯಮ್ಮಿನ ಬೆಂಬಲವನ್ನು ಲಿನಕ್ಸ್ 6.7 ಆವೃತ್ತಿಯಲ್ಲಿ ಕೈಬಿಡಲಾಗಿದೆ.

ಇಷ್ಟೆಲ್ಲ ದಾಟಿಬಂದರೂ ಪಿಡಿಪಿ-11ರ ಕಾಲದ ಒಂದು ನಿರ್ಧಾರ ಇನ್ನೂ ಇತ್ಯರ್ಥವಾಗದೆ ಉಳಿದಿದೆ. ಚಿಹ್ನೆಸಹಿತ 32 ಬಿಟ್ ಸೆಕೆಂಡುಗಳ ಎಣಿಕೆ 2038ರ ಜನವರಿ 19ರಂದು, ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ತುಂಬುತ್ತದೆ. ಮರುಕ್ಷಣ ಅದು ಋಣಸಂಖ್ಯೆಯಾಗಿ 1901ನ್ನು ತೋರಿಸುತ್ತದೆ. 64 ಬಿಟ್ ಲಿನಕ್ಸಿನಲ್ಲಿ ಸಮಯದ ಬಗೆ ಲಾಂಗ್‌ನೊಡನೆ ತಾನಾಗಿಯೇ ಹಿಗ್ಗಿತ್ತು. ಆದರೆ 32 ಬಿಟ್ ಪ್ರೊಸೆಸರುಗಳು ಉಪಕರಣಗಳ ಒಳಗೆ ಇನ್ನೂ ಕೆಲಸ ಮಾಡುತ್ತಿವೆ. ಯುನಿಕ್ಸಿನ ಬರ್ಕ್ಲಿ ಕವಲಿನಿಂದ ಬಂದ ಓಪನ್‌ಬಿಎಸ್‌ಡಿ 2014ರಲ್ಲಿ ಹಳೆಯ ಪ್ರೋಗ್ರಾಂಗಳ ಹಂಗು ತೊರೆದು ಎಲ್ಲ ಯಂತ್ರಗಳಲ್ಲಿಯೂ ಸಮಯವನ್ನು 64 ಬಿಟ್‌ಗೆ ಏರಿಸಿತು. ಕರ್ನಲನ್ನೂ ಅದರ ಮೇಲಿನ ಮೂಲ ಪ್ರೋಗ್ರಾಂಗಳನ್ನೂ ಒಟ್ಟಿಗೇ ಹೊರತರುವ ಯೋಜನೆಗೆ ಅದು ಸಾಧ್ಯವಿತ್ತು. ಬೇರೆ ಬೇರೆ ಕೈಗಳಲ್ಲಿ ಹಂಚಿಹೋಗಿರುವ ಲಿನಕ್ಸಿಗೆ ಆ ಬಗೆ ಒಗ್ಗುವಂತಿರಲಿಲ್ಲವಾದ್ದರಿಂದ, ಆರ್ಂಟ್ ಬರ್ಗ್‌ಮನ್ ಮುಂತಾದವರು ಹಲವು ವರ್ಷ ದುಡಿದು ಹಳೆಯ ಕರೆಗಳ ಪಕ್ಕದಲ್ಲಿ ಹೊಸ ಕರೆಗಳನ್ನು ಸೇರಿಸಿದರು, ಮತ್ತು 2020ರ 5.6 ಆವೃತ್ತಿಯಲ್ಲಿ 32 ಬಿಟ್ ಕರ್ನಲ್ ಸಿದ್ಧವಾಯಿತು.

ಕರ್ನಲ್ ತಿದ್ದಿದ ಮಾತ್ರಕ್ಕೆ ಡಿಸ್ಕಿನ ಮೇಲೆ ಬರೆದಿಟ್ಟ ಅಂಕಿಗಳು ಹಿಗ್ಗುವುದಿಲ್ಲ. ಪ್ರತಿ ಕಡತದ ವಿವರವನ್ನಿಡುವ 'ಐನೋಡ್' ಎಂಬ ದಾಖಲೆ 256 ಬೈಟಿನದಾಗಿದ್ದರೆ ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆ 2446ರವರೆಗಿನ ದಿನಾಂಕಗಳನ್ನು ಹಿಡಿಯಬಲ್ಲದು. ಅದು ಹಳೆಯ 128 ಬೈಟಿನದಾಗಿದ್ದರೆ 2038ನ್ನು ದಾಟುವುದಿಲ್ಲ, ಮತ್ತು ಅಂಥ ಡಿಸ್ಕನ್ನು ಜೋಡಿಸಿದಾಗ ಇತ್ತೀಚಿನ ಕರ್ನಲ್ ಆ ಮಾತನ್ನು ತನ್ನ ದಾಖಲೆಯಲ್ಲಿ ಬರೆದು ಎಚ್ಚರಿಸುತ್ತದೆ. ಕಚೇರಿ, ಕಾರ್ಖಾನೆ, ಗ್ರಂಥಾಲಯಗಳಲ್ಲಿ ಹಳೆಯ ಸರ್ವರುಗಳನ್ನು ನೋಡಿಕೊಳ್ಳುವವರು ಆ ಎಚ್ಚರಿಕೆಯ ಸಾಲನ್ನು ಈಗಲೇ ಹುಡುಕಿ ನೋಡಿ, ಕಂಡುಬಂದಲ್ಲಿ ದತ್ತಾಂಶವನ್ನು ಹೊಸ ಅಳತೆಯ ಕಡತ ವ್ಯವಸ್ಥೆಗೆ ಸಾಗಿಸುವ ಕೆಲಸವನ್ನು ಮುಂದೂಡದೆ ಕೈಗೆತ್ತಿಕೊಳ್ಳಬೇಕು.